ಬೆಳ್ಳುಳ್ಳಿ ಚಟ್ನಿ ಇಲ್ಲದ ವಡಾಪಾವ್

ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯ ಎದುರು ಶೇವಂತಕ್ಕನ ವಡಾಪಾವ್ ಗಾಡಿ.

ಆಟೋದವರು, ನೇಕಾರರು, ಕಾಲೇಜು ಹುಡುಗರು... ಯಾರಿಗೆ ಹೇಗೆ ಬೇಕೆಂದು ಕೇಳುವ ಅಭ್ಯಾಸವೇ ಆಕೆಗಿಲ್ಲ. ಮುಖ ನೋಡಿದರೆ ಸಾಕು, ಕೈ ತಾನೇ ಕೆಲಸ ಮಾಡುತ್ತಿತ್ತು.

ಸಂಜೆಯಾದರೆ ಕಾರಿನಲ್ಲಿ ಒಬ್ಬ ಸಾಹೇಬರು ಬರುತ್ತಿದ್ದರು. ಒಂದೇ ವಡಾಪಾವ್ ಕಟ್ಟಿಸಿಕೊಂಡು ಆಸ್ಪತ್ರೆಯೊಳಗೆ ಹೋಗುತ್ತಿದ್ದರು.

ಒಂದು ದಿನ ಅವರು ಹೊರಬಂದು ಅದೇ ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿದ್ದು ಆಕೆಯ ಕಣ್ಣಿಗೆ ಬಿತ್ತು. ಮೈ ಉರಿದುಹೋಯಿತು.

"ಯಾಕ್ರೀ ಸಾಹೇಬ್ರ, ತಿನ್ನಾಕ ಒಲ್ಲೆ ಅಂದ್ರ ತಗೋತೀರ್ಯಾಕ? ಅದು ಅನ್ನ ಅಲ್ಲೇನ್ರಿ?"

ಸಾಹೇಬರ ಕಣ್ಣು ತುಂಬಿತು...

"ನನಗಲ್ಲಕ್ಕಾ, ನಮ್ಮಪ್ಪಗ. ಒಂದು ಕೈ ಮಗ್ಗದ ಮ್ಯಾಲ, ಒಂದು ಕೈಯಾಗ ವಡಾಪಾವ್... ಹಂಗ ದುಡದು ನನ್ನ ಓದಿಸಿದಾಂವ. ಈಗ ಅದ ಬೇಕಂತ ಕೈಸನ್ನಿ ಮಾಡ್ತಾನ. ನುಂಗಾಕ ಬರಂಗಿಲ್ಲ, ಪೈಪಿನಿಂದನ ಊಟ. ವಾಸನೀನರ ತಗೊಳ್ಳಲಿ ಅಂತ ಮೂಗಿನ ಹತ್ರ ಹಿಡೀತೀನಿ..."

"ಮತ್ತ?"

"ದಿನಾ 'ಇದಲ್ಲ' ಅಂತ ತಲಿ ಅಲ್ಲಾಡಿಸ್ತಾನ. ವಾಸನೀನೂ ತಿಳಿವಲ್ದು ಅವಗ."

ವಡೆ ತೆಗೆಯುತ್ತಿದ್ದ ಶೇವಂತಕ್ಕನ ಕೈ ಅಲ್ಲೇ ನಿಂತಿತು.

ಕಾರಿನಲ್ಲಿ ಬರುವವರಿಗೆ ಬಾಯಿ ವಾಸನೆ ಬರಬಾರದೆಂದು ಆಕೆಯೇ ಬೆಳ್ಳುಳ್ಳಿ ಚಟ್ನಿ ಬಿಟ್ಟು, ಬರೀ ಸಿಹಿ ಚಟ್ನಿ ಸವರಿ ಕೊಡುತ್ತಿದ್ದಳು. ದೊಡ್ಡವರಿಗೆ ಮಾಡುವ ಮರ್ಯಾದೆ ಅದು ಅಂದುಕೊಂಡಿದ್ದಳು!

"ಅವರ ಮೂಗು ಬರೋಬರಿ ಐತ್ರಿ... ನಾನ ಬೆಳ್ಳುಳ್ಳಿ ಚಟ್ನಿ ಹಾಕಿಲ್ಲ. ತಪ್ಪು ನಂದು."

ಬಿಸಿ ವಡೆಯ ಮೇಲೆ ಕೆಂಪು ಬೆಳ್ಳುಳ್ಳಿ ಚಟ್ನಿಯನ್ನು ಮುಷ್ಟಿ ತುಂಬ ಸುರಿದು ಕಟ್ಟಿಕೊಟ್ಟಳು. "ಓಡ್ರಿ!"

ಸಾಹೇಬರು ಓಡಿದರು. ಶೇವಂತಕ್ಕ ಗಿರಾಕಿಗಳನ್ನೂ ಮರೆತು ಗೇಟಿನ ಕಡೆಗೇ ನೋಡುತ್ತ ನಿಂತಳು...

ಅವರು ತಿರುಗಿ ಬಂದಾಗ ಪೊಟ್ಟಣ ಬಿಚ್ಚಿರಲಿಲ್ಲ.

"ಹೋಗಿಬಿಟ್ಟಾನಕ್ಕಾ... ನಾ ಇಲ್ಲಿ ನಿಂತಾಗನ."

ಶೇವಂತಕ್ಕ ತಾನು ಕೂರುವ ಸ್ಟೂಲನ್ನು ಅವರಿಗೆ ಎಳೆದು ಹಾಕಿದಳು.

ಸಾಹೇಬರು ಕುಳಿತು ಪೊಟ್ಟಣ ಬಿಚ್ಚಿದರು. ಮೂಗಿಗೆ ಹಿಡಿದರು. ನಡುರಸ್ತೆ ಎಂಬುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತರು.

"ಅಪ್ಪನ ಅಂಗಿ... ಇದ ವಾಸನಿ ಬರ್ತಿತ್ತು."

ಈಗ ಶೇವಂತಕ್ಕ ಎಲ್ಲರನ್ನೂ ಕೇಳುತ್ತಾಳೆ, "ಬೆಳ್ಳುಳ್ಳಿ ಚಟ್ನಿ ಹಾಕ್ಲೇನ್ರಿ?" ಕೇಳುವಾಗಲೆಲ್ಲ ಆ ಗೇಟಿನ ಕಡೆ ನೋಡುತ್ತಾಳೆ. ಮೊದಲೇ ಕೇಳಿದ್ದರೆ... ಎಂದುಕೊಳ್ಳುತ್ತಾಳೆ.

ಪ್ರೀತಿಯಿಂದ ಕೊಡುವುದಾದರೂ, ಏನು ಬೇಕೆಂದು ಒಮ್ಮೆ ಕೇಳಿ ಕೊಡಿ.

ನಿಮ್ಮ ಮನೆಯಲ್ಲಿ "ಇದಲ್ಲ" ಎಂದು ತಲೆ ಅಲ್ಲಾಡಿಸುತ್ತಿರುವವರು ಯಾರು... ಅವರನ್ನು ಕೇಳಿದ್ದೀರಾ?