ರಾತ್ರಿ ಕರೆಂಟು

ಹೇಮಾವತಿಗೆ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಎಂದು ತಿಳಿದೊಡನೆ, ನೋಡಲು ಬಂದ ಗಂಡಿನ ಕಡೆಯವರೆಲ್ಲ ಮುಖ ತಿರುಗಿಸಿ ಹೋಗುತ್ತಿದ್ದರು. ದೋಸೆಹಿಟ್ಟು ರುಬ್ಬಿ ಮಾರುವ ಮನೆಯವರು ಮಾತ್ರ ಒಪ್ಪಿದರು.

“ಪಾಪ, ಎಷ್ಟು ವರ್ಷದಿಂದ ನಿದ್ದೆಗೆಟ್ಟಿದೀಯಮ್ಮ. ಇನ್ನು ಆ ಕೆಲಸ ಬಿಟ್ಬಿಡು, ಮನೇಲಿರು,” ಎಂದು ಹುಡುಗನ ತಾಯಿ ತಲೆ ಸವರಿದಾಗ ಅವಳ ಕಣ್ಣು ತುಂಬಿ ಬಂತು.

ಮದುವೆಯಾದ ವಾರದಲ್ಲೇ ವಿದ್ಯುತ್ ಕಚೇರಿಯವನೊಬ್ಬ ಮನೆಗೆ ಬಂದ. ಅವನು ಅತ್ತೆಯ ಜೊತೆ ಮಾತಾಡುತ್ತಿದ್ದಾಗ ಹೇಮಾವತಿ ಕಾಫಿ ತಂದಳು.

“ಈ ರಾತ್ರಿ ದರ ತಗೊಂಡ್ರೆ ರಾತ್ರಿ ಕರೆಂಟು ಅಗ್ಗ, ಹಗಲು ದುಬಾರಿ. ಗ್ರೈಂಡರುಗಳನ್ನೆಲ್ಲ ರಾತ್ರೀನೇ ಓಡಿಸಿದ್ರೆ ಮಾತ್ರ ನಿಮಗೆ ಲಾಭ ಅಮ್ಮ. ಆದ್ರೆ ಹೋದ ಸಲ ಬಂದಾಗ ರಾತ್ರಿಯೆಲ್ಲ ಎದ್ದಿರೋರು ಯಾರೂ ಇಲ್ಲ ಅಂದಿದ್ರಿ.”

ಅತ್ತೆ ಸೊಸೆಯ ಕೈಯಿಂದ ಲೋಟ ತೆಗೆದುಕೊಂಡರು.

“ಈಗ ಅಭ್ಯಾಸ ಇರೋಳನ್ನೇ ತಂದ್ಕೊಂಡಿದೀವಿ. ರಾತ್ರಿ ದರಕ್ಕೇ ಹಾಕಿ.”