ಸನ್ಮಾನಪತ್ರದ ಮೂರನೆಯ ಪ್ಯಾರಾ

ಪೇಟ ಆಯಿತು, ಶಾಲು ಆಯಿತು, ಗಂಧದ ಹಾರವೂ ಆಯಿತು. ಸಂಸದ ಉದಯಶಂಕರ್ ಹಿಲ್ಸ್‌ಬರೋ ಸಮುದಾಯ ಭವನದ ವೇದಿಕೆಯ ಮೇಲೆ ಮದುವೆ ಗಂಡಿನ ಹಾಗೆ ಕೂತಿದ್ದಾಗ ಸನ್ಮಾನಪತ್ರ ಓದಲು ಹಂಸಾ ಎದ್ದು ಬಂದಳು. ಅವಳ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಹಿಂದಿನ ಶನಿವಾರ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ, ಕುಡಿದು ತಲೆ ಒಡೆದುಕೊಂಡು ಬಂದವನೊಬ್ಬ ನರ್ಸ್ ಎಂದೂ ನೋಡದೆ ಅವಳನ್ನು ಗೋಡೆಗೆ ನೂಕಿದ್ದ. ಮದ್ಯ ಮಾರುವ ಬಾಟಲಿ ಅಂಗಡಿಗಳು ರಾತ್ರಿ ಒಂಬತ್ತು ಗಂಟೆಗೇ ಬಾಗಿಲು ಹಾಕಬೇಕೆಂಬ ಮಸೂದೆ ಬರುವ ಬುಧವಾರ ವೆಲಿಂಗ್ಟನ್‌ನ ಸಂಸತ್ತಿನಲ್ಲಿ ಮತಕ್ಕೆ ಬರುವುದಿತ್ತು. ಒಂದೋ ಎರಡೋ ಮತದಲ್ಲಿ ತೀರ್ಮಾನ ಎಂದು ಪತ್ರಿಕೆಗಳು ಬರೆದಿದ್ದವು. ಹಂಸಾಗೆ ಆ ಒಂದು ಮತ ಬೇಕಿತ್ತು.

ಅಜ್ಜಿ ಹೇಳಿದ ಕಥೆ ಕೇಳಿ ಬೆಳೆದವಳು, ಕನ್ನಡ ಚೆನ್ನಾಗಿದೆ ಎಂದು ಸನ್ಮಾನಪತ್ರ ಬರೆಯುವ ಕೆಲಸವನ್ನು ಊರಿನ ಕನ್ನಡ ಸಂಘದವರು ಅವಳಿಗೇ ಒಪ್ಪಿಸಿದ್ದರು. ಬರೆದದ್ದನ್ನು ಮೊದಲೇ ಒಮ್ಮೆ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಸನ್ಮಾನಪತ್ರವನ್ನು ಯಾರು ಓದುತ್ತಾರೆ? ಮೊದಲ ಎರಡು ಪ್ಯಾರಾಗಳಲ್ಲಿ ಉದಯಶಂಕರ್ ಸರಳ ಸಜ್ಜನರೂ ಕನ್ನಡಾಂಬೆಯ ಕಣ್ಮಣಿಯೂ ಆದರು. ಅವರು ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಮೂರನೆಯದನ್ನು ಹಂಸಾ ಸ್ವಲ್ಪ ನಿಧಾನವಾಗಿ ಓದಿದಳು.

“ಗಾಳಿ ಬೀಸುವ ವೆಲಿಂಗ್ಟನ್ ಎಂಬ ಪಟ್ಟಣದಲ್ಲಿ ಒಂದು ಸಭೆಯುಂಟು. ಪಕ್ಷದ ಅಪ್ಪಣೆಯಿಲ್ಲದೆ ಅವರವರ ಮನಸ್ಸಾಕ್ಷಿಯಂತೆ ಮತ ಹಾಕುವ ದಿನ ಬಂದರೆ, ಹೌದು ಎನ್ನುವವರು ಬಲಬಾಗಿಲಿಗೆ ಹೋಗಬೇಕು, ಬೇಡ ಎನ್ನುವವರು ಎಡಬಾಗಿಲಿಗೆ. ಎರಡೂ ಬೇಡವೆನ್ನುವವರಿಗೆ ನಡುವೆ ಗುಮಾಸ್ತರ ಮೇಜು. ಕುಡಿಯುವ ವಯಸ್ಸು ಹದಿನೆಂಟೋ ಇಪ್ಪತ್ತೋ ಎಂದು ಕೇಳಿದಾಗ ನಮ್ಮ ಮಾನ್ಯರು ಮೇಜಿಗೆ ಹೋದರು. ಈಸ್ಟರ್ ಭಾನುವಾರ ಅಂಗಡಿ ತೆರೆಯಬಹುದೇ ಎಂದಾಗಲೂ ಮೇಜಿಗೇ ಹೋದರು. ಪಬ್ಬುಗಳಲ್ಲಿ ಜೂಜಿನ ಯಂತ್ರ ಇರಬೇಕೇ ಎಂದಾಗ...”

“ಟೇಬಲ್!” ಎಂದು ಹಿಂದಿನ ಸಾಲಿನ ಮಕ್ಕಳು ಕೂಗಿದರು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ರೂಢಿ ಅವಕ್ಕೆ. ಸಭೆಯೆಲ್ಲ ನಗೆಯಲ್ಲಿ ತೇಲಿತು. ಉದಯಶಂಕರ್ ಕಣ್ಣು ತೆರೆದರು.

“ಹನ್ನೆರಡು ವರ್ಷ, ಏಳು ಮತ, ಏಳು ಸಲವೂ ಮೇಜು. ಯಾರ ಮನಸ್ಸನ್ನೂ ನೋಯಿಸದ ಇಂಥ ಮಾನ್ಯರು ಬುಧವಾರವಾದರೂ ಒಂದು ಬಾಗಿಲು ದಾಟಲಿ ಎಂದು ಹಾರೈಸುತ್ತ...” ಎಂದು ಮುಗಿಸಿ ಹಂಸಾ ಎಡಗೈಯಲ್ಲೇ ಫ್ರೇಮನ್ನು ಅವರ ತೊಡೆಯ ಮೇಲಿಟ್ಟಳು.

ಉದಯಶಂಕರ್ ಮೈಕ್ ತೆಗೆದುಕೊಂಡು ನಕ್ಕರು. “ಹಂಸಾ ನನ್ ಮಗಳಿದ್ದ ಹಾಗೆ, ಬೈಯೋ ಹಕ್ಕಿದೆ. ಆದ್ರೆ ನೋಡಿ, ಇವತ್ತಿನ ಊಟ ಕೊಡಿಸಿರೋ ನಟರಾಜನೂ ನಮ್ಮೋನೇ. ಅವನ ಎರಡು ಬಾಟಲ್ ಸ್ಟೋರೂ ನಡೀಬೇಕಲ್ಲ? ಇದು ತುಂಬಾ ಸೂಕ್ಷ್ಮವಾದ ವಿಷಯ. ಎರಡೂ ಕಡೆ ಯೋಚ್ನೆ ಮಾಡಿ...”

ಎಲ್ಲರೂ ಮೊದಲ ಸಾಲಿನತ್ತ ತಿರುಗಿದರು. ಹಂಸಾಳ ಕೈ ಮುರಿದಾಗ ಮೂರು ದಿನ ಅವಳ ಮನೆಗೆ ಸಾರು, ಪಲ್ಯ ಕಳಿಸಿದವರು ಇದೇ ನಟರಾಜ. ಅವರು ಕೂತಲ್ಲಿಂದಲೇ, “ಸಾರ್, ಒಂಬತ್ತಾದ್ಮೇಲೇನೇ ನನ್ಗೆ ಅರ್ಧ ವ್ಯಾಪಾರ. ನನ್ ಕಡೆ ಬಂದ್ರೆ ಸಂತೋಷ. ಬರ್ದಿದ್ರೂ ಜಗಳ ಇಲ್ಲ. ನಾಳೆ ನನ್ ಹೆಂಡ್ತಿ ಕೇಳಿದ್ರೆ, ನಮ್ ಉದಯಣ್ಣ ಎಲ್ಲಿಗೋ ಒಂದ್ಕಡೆ ಹೋದ್ರು ಅಂತ ಹೇಳೋ ಹಾಗಾದ್ರೂ ಮಾಡಿ,” ಎಂದರು.

ಊಟದ ಗಲಾಟೆ ಶುರುವಾದಾಗ ಉದಯಶಂಕರ್ ತಟ್ಟೆ ಹಿಡಿದು ಹಂಸಾಳ ಪಕ್ಕ ಬಂದು ಕೂತರು.

“ನಿಂಗೆ ಆ ಏಳು ಮತ ಎಲ್ಲಿ ಸಿಕ್ತಮ್ಮ?”

“ಪಾರ್ಲಿಮೆಂಟ್ ವೆಬ್‌ಸೈಟ್‌ನಲ್ಲೇ ಇದೆ ಅಂಕಲ್. ಎಲ್ಲಾರಿಗೂ ಕಾಣತ್ತೆ.”

“ಹನ್ನೆರಡು ವರ್ಷದಿಂದ ಇದೆ. ಯಾರೂ ನೋಡಿರ್ಲಿಲ್ಲ.” ಅವರು ಹಪ್ಪಳ ಮುರಿದು ತಿನ್ನದೆ ತಟ್ಟೆಯಲ್ಲೇ ಇಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ಅವಿತುಕೊಂಡು, ಹುಡುಕಲು ಯಾರೂ ಬಾರದೆ, ಎಲ್ಲರೂ ಮನೆಗೆ ಹೋದ ಮೇಲೂ ಕತ್ತಲಲ್ಲಿ ಕೂತಿದ್ದ ಮಗುವಿನ ದನಿಯಂತಿತ್ತು ಅದು. “ಬುಧವಾರ ನೋಡ್ತೀಯಾ?”

“ಕೈ ಕಟ್ಟಿಸ್ಕೊಂಡು ಮನೇಲೇ ಕೂತಿರ್ತೀನಿ. ನೋಡ್ದೆ ಏನ್ ಮಾಡ್ಲಿ?”

ಬುಧವಾರ ಸಂಜೆ ನ್ಯೂ ಲಿನ್‌ನ ತನ್ನ ಮನೆಯಲ್ಲಿ ಹಂಸಾ ಟೀವಿಯ ಮುಂದೆ ಕೂತಳು. ಊಟದ ಡಬ್ಬಿ ಕೊಡಲು ಬಂದ ನಟರಾಜರೂ ಕೂತರು. ಸಭಾಧ್ಯಕ್ಷರು ಮತಕ್ಕೆ ಕರೆದರು, ಗಂಟೆ ಹೊಡೆಯಿತು, ಸದಸ್ಯರು ಎದ್ದು ಎರಡು ಕಡೆಗೂ ಚದುರಿದರು. ಉದಯಶಂಕರ್ ಮಾತ್ರ ಕೂತೇ ಇದ್ದರು.

“ಹೋಗ್ತಾರೆ ಬಿಡು, ಆ ಮೇಜಿಗೇ,” ಎಂದರು ನಟರಾಜ, ತಮಗೆ ಸಮಾಧಾನವೋ ಬೇಸರವೋ ತಿಳಿಯದೆ.

ಕೊನೆಗೆ ಉದಯಶಂಕರ್ ಎದ್ದರು. ಕೋಟು ಸರಿಮಾಡಿಕೊಂಡು ಗುಮಾಸ್ತರ ಕಡೆಗೆ ಎರಡು ಹೆಜ್ಜೆ ಇಟ್ಟರು. ನಿಂತರು. ಮತ್ತೆ ಯಾರೋ ಹಿಂದಿನಿಂದ ನೂಕಿದವರಂತೆ ಬಲಕ್ಕೆ ತಿರುಗಿ, ಹೌದು ಎನ್ನುವವರ ಬಾಗಿಲಿನವರೆಗೂ ನಡೆದರು. ಹಂಸಾ ಎಡಗೈಯಲ್ಲಿ ನಟರಾಜರ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

ಹೊಸ್ತಿಲ ಬಳಿ ಉದಯಶಂಕರ್ ಒಂದು ಗಳಿಗೆ ತಡೆದು, ತಲೆಯೆತ್ತಿ, ಗೋಡೆಯ ಮೇಲಿನ ಕ್ಯಾಮೆರಾ ತಮ್ಮ ಕಡೆಗೇ ತಿರುಗಿದೆ ಎಂಬುದನ್ನು ಚೆನ್ನಾಗಿ ಖಚಿತಪಡಿಸಿಕೊಂಡು, ಆಮೇಲೆ ಒಳಗೆ ಕಾಲಿಟ್ಟರು.