ಕಲ್ಲಿನ ಪದರ

ಗಣಿ ಕುಸಿದು ಯಂಕೋಬ ಒಳಗೆ ಸಿಕ್ಕಿಕೊಂಡಿದ್ದ. ಅವನು ಬಂಡೆಗೆ ಬಡಿಯುವ ಸದ್ದು ಇನ್ನೂ ಬರುತ್ತಿತ್ತು.

“ಸದ್ದು ಹಿಡಿಯಲು ಇಟ್ಟ ಬಡಗಣದ ಮಷೀನಿಗಿಂತ ಮೂಡಣದ್ದಕ್ಕೆ ಸದ್ದು ಮೊದಲು ಮುಟ್ಟುತ್ತಿದೆ. ಮೂಡಣದಲ್ಲೇ ಕೊರೀರಿ. ಒಳಗೆ ಇವತ್ತಿಗಾಗುವಷ್ಟೇ ಗಾಳಿಯಿದೆ,” ಎಂದರು ಎಂಜಿನಿಯರ್.

ಮೇಸ್ತ್ರಿಗೆ ಮನಸ್ಸೊಪ್ಪಲಿಲ್ಲ. ಯಂಕೋಬನ ಹೆಂಡತಿಯತ್ತ ತಿರುಗಿದ. “ಹುಲಿಗೆವ್ವ, ನೀ ಕಲ್ಲು ಒಡೆಯೋರ ಮಗಳು. ಒಮ್ಮೆ ಕಿವಿಗೊಟ್ಟು ಹೇಳವಾ. ಆ ಮಷೀನು ಎಂದಾದ್ರೂ ಕಲ್ಲು ಒಡದೈತೇನು?”

ಗಂಡ ತಿರುವಿ ಮುರಿದಿದ್ದ ಅವಳ ಎಡಗೈ ಇನ್ನೂ ಕಟ್ಟಿನಲ್ಲಿತ್ತು. ಬಲಗೈಯಿಂದ ಅವಳು ಬಂಡೆ ಸವರಿದಳು. ಪದರಗಳೆಲ್ಲ ಮೂಡಣಕ್ಕೇ ಓಡಿದ್ದವು. ಪದರದ ಗುಂಟ ಹೋದರೆ ಸದ್ದು ಕುದುರೆ, ಪದರ ಅಡ್ಡ ದಾಟಿದರೆ ಕುಂಟ ಎತ್ತು ಎನ್ನುತ್ತಿದ್ದ ಅವಳಪ್ಪ. ಕಿವಿಯಿಟ್ಟು ಕೇಳಿದಳು. ಗಂಡ ಬಡಗಣದಲ್ಲಿ, ಹತ್ತೇ ಮೊಳ ಆಚೆಗಿದ್ದ.

“ಸಾಹೇಬ್ರು ಹೇಳಿದ್ದು ಖರೇ ಐತಿ ಅಣ್ಣಾ,” ಎಂದಳು ಹುಲಿಗೆವ್ವ. “ಮೂಡಣಕ್ಕೇ ಕೊರೀರಿ.”